ಮಾಲೀಕರಿಲ್ಲದ ಸೋಷಿಯಲ್ ಮೀಡಿಯಾದಲ್ಲಿ ಕಸದ ಪೋಸ್ಟ್ ತಡೆಯುವುದು ಯಾರು, ಹೇಗೆ? ಇಲ್ಲಿದೆ ವಿವರ

ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಕೆಟ್ಟ ಪೋಸ್ಟ್ ಕಣ್ಣಿಗೆ ಬಿದ್ದರೆ ಮೂರು ಚುಕ್ಕೆ ಒತ್ತಿ 'ರಿಪೋರ್ಟ್' ಕೊಡುತ್ತೇವೆ. ದೂರು ಮೆಟಾ ಕಂಪನಿಗೆ ಹೋಗುತ್ತದೆ. ಕಂಪನಿ ಮನಸ್ಸು ಮಾಡಿದರೆ ಆ ಪೋಸ್ಟ್ ಎಲ್ಲರ ಪರದೆಯಿಂದಲೂ ಒಂದೇ ಸಲಕ್ಕೆ ಮಾಯವಾಗುತ್ತದೆ. ಆದರೆ ಮಾಸ್ಟೊಡಾನ್, ನಾಸ್ಟರ್‌ನಂತಹ ವಿಕೇಂದ್ರೀಕೃತ ಜಾಲಗಳಲ್ಲಿ ಹಾಗಿಲ್ಲ. ಅಲ್ಲಿ ಇಡೀ ಜಾಲಕ್ಕೆ ಒಬ್ಬ ಮಾಲೀಕ ಇಲ್ಲ, ಎಲ್ಲರಿಗೂ ಅನ್ವಯಿಸುವ 'ಡಿಲೀಟ್' ಬಟನ್ ಯಾರ ಕೈಯಲ್ಲೂ ಇಲ್ಲ.

ಒಂದೇ ಕಂಪನಿಯ ಹಿಡಿತ ಬೇಡ ಎಂದು ಇಂಥ ಜಾಲಗಳಿಗೆ ಹೋದವರಿಗೆ ಇದು ದೊಡ್ಡ ಅನುಕೂಲ. ಸ್ಪ್ಯಾಮ್ ಕಳಿಸುವವರಿಗೂ ಇದೇ ಅನುಕೂಲ. 2024ರ ಫೆಬ್ರವರಿಯಲ್ಲಿ ಮಾಸ್ಟೊಡಾನ್ ಬಳಕೆದಾರರ ನೋಟಿಫಿಕೇಷನ್ ಪಟ್ಟಿ ಅಪರಿಚಿತ ಖಾತೆಗಳ ಸ್ಪ್ಯಾಮ್‌ನಿಂದ ತುಂಬಿಹೋದಾಗ ಇದು ಎಲ್ಲರ ಅನುಭವಕ್ಕೂ ಬಂತು.

ಹಾಗಾದರೆ ಮಾಲೀಕರಿಲ್ಲದ ಕಡೆ ಕಳಪೆ ಪೋಸ್ಟ್‌ಗಳನ್ನು ತಡೆಯಲು ಏನೇನು ಪ್ರಯೋಗಗಳು ನಡೆದಿವೆ? ಯಾವುದು ಕೆಲಸ ಮಾಡಿದೆ, ಯಾವುದು ಕೈಕೊಟ್ಟಿದೆ? ಕನ್ನಡದಲ್ಲಿ ಬರೆಯುವವರಿಗೆ ಇದರಿಂದ ಏನು ಲಾಭ, ಏನು ನಷ್ಟ?

ಏನಿದು ವಿಕೇಂದ್ರೀಕೃತ ಸೋಷಿಯಲ್ ಮೀಡಿಯಾ?

ಇ-ಮೇಲ್ ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಿಮ್ಮದು ಜಿಮೇಲ್, ಸ್ನೇಹಿತರದು ಯಾಹೂ, ಆಫೀಸಿನದು ಬೇರೆಯೇ ಸರ್ವರ್. ಆದರೂ ಪತ್ರ ಎಲ್ಲೆಡೆ ತಲುಪುತ್ತದೆ, ಏಕೆಂದರೆ ಎಲ್ಲರೂ ಒಂದೇ ತಾಂತ್ರಿಕ ನಿಯಮ ಪಾಲಿಸುತ್ತಾರೆ. ಮಾಸ್ಟೊಡಾನ್ ಕೂಡ ಹೀಗೆಯೇ. ಜರ್ಮನಿಯ ಯೂಜೆನ್ ರಾಖ್ಕೊ 2016ರಲ್ಲಿ ಆರಂಭಿಸಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಂಡು ಸ್ವಂತ ಜಾಲತಾಣ ನಡೆಸಬಹುದು. ಸಾವಿರಾರು ಸರ್ವರ್‌ಗಳು 'ಆಕ್ಟಿವಿಟಿಪಬ್' ಎಂಬ ನಿಯಮಾವಳಿಯ ಮೂಲಕ ಪರಸ್ಪರ ಮಾತನಾಡುತ್ತವೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು.

ಭಾರತೀಯರಿಗೆ ಇದರ ಪರಿಚಯವಾದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟ್ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ, ಅದನ್ನು ಪ್ರತಿಭಟಿಸಿ ಹಲವರು ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಖರೀದಿಸಿದಾಗ ಮತ್ತೊಂದು ದೊಡ್ಡ ಅಲೆ ಬಂತು. ಸುಮಾರು 3 ಲಕ್ಷವಿದ್ದ ಮಾಸ್ಟೊಡಾನ್‌ನ ಮಾಸಿಕ ಸಕ್ರಿಯ ಬಳಕೆದಾರರ ಸಂಖ್ಯೆ ತಿಂಗಳೊಪ್ಪತ್ತಿನಲ್ಲಿ 25 ಲಕ್ಷ ಮುಟ್ಟಿತು ಎಂದು ರಾಖ್ಕೊ ತಿಳಿಸಿದ್ದರು. ಜನ ಬಂದ ಕಡೆ ಕಸವೂ ಬಂತು.

ಕಳಪೆ ಪೋಸ್ಟ್ ಎಂದರೆ ಯಾವುದು?

ಇಲ್ಲಿ ಮೂರು ಬಗೆಯನ್ನು ಬೇರೆ ಮಾಡಿ ನೋಡಬೇಕು. ಮೊದಲನೆಯದು ಕಾನೂನುಬಾಹಿರವಾದದ್ದು: ಬೆದರಿಕೆ, ವಂಚನೆ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು. ಇದಕ್ಕೆ ಪೊಲೀಸ್, ಕಾನೂನು ಇವೆ. ಎರಡನೆಯದು ಸ್ಪ್ಯಾಮ್: ಯಂತ್ರಗಳು ರಾಶಿ ರಾಶಿಯಾಗಿ ಸುರಿಯುವ ಜಾಹೀರಾತು, ಲಿಂಕ್‌ಗಳು. ಇದನ್ನು ಯಾರೂ ಸಮರ್ಥಿಸಿಕೊಳ್ಳುವುದಿಲ್ಲ.

ಮೂರನೆಯದೇ ಕಷ್ಟದ್ದು. ಬೇರೆಯವರ ಬರಹವನ್ನು ಹೆಸರಿಲ್ಲದೆ ಕಾಪಿ ಮಾಡುವುದು, 'ನೀವು ನಿಜವಾದ ಕನ್ನಡಿಗರಾದರೆ ಶೇರ್ ಮಾಡಿ' ಎಂಬಂಥ ಪೋಸ್ಟ್, ಲೈಕ್‌ಗಾಗಿ ಬೇಕೆಂದೇ ಕೆಣಕುವ ಪ್ರಶ್ನೆ, ಎಐ ಬರೆದುಕೊಟ್ಟ ಅರ್ಥವಿಲ್ಲದ ನೀತಿಮಾತು. ಇವು ಯಾವ ಕಾನೂನನ್ನೂ ಮುರಿಯುವುದಿಲ್ಲ. ಒಬ್ಬರಿಗೆ ಕಸ ಎನಿಸಿದ್ದು ಇನ್ನೊಬ್ಬರಿಗೆ ಬೆಳಗಿನ ಶುಭಾಶಯ. ಅಳಿಸಿದರೆ ಸೆನ್ಸಾರ್ ಎಂಬ ಆರೋಪ ಬರುತ್ತದೆ, ಬಿಟ್ಟರೆ ಒಳ್ಳೆಯದನ್ನು ಬರೆಯುವವರು ಬೇಸತ್ತು ಹೊರಡುತ್ತಾರೆ.

ಹಾಗಾಗಿ ವಿಕೇಂದ್ರೀಕೃತ ಜಾಲಗಳು ಹೆಚ್ಚಾಗಿ ಹಿಡಿದಿರುವುದು ಬೇರೆ ದಾರಿ. ಪೋಸ್ಟ್ ಎಲ್ಲೋ ಒಂದು ಕಡೆ ಇರಲಿ, ಆದರೆ ಅದಕ್ಕೆ ಪುಕ್ಕಟೆ ಪ್ರಚಾರ ಸಿಗದಿರಲಿ ಎಂಬುದು ಆ ಲೆಕ್ಕಾಚಾರ. ಕಸ ಹಾಕುವುದು ದುಬಾರಿಯಾಗಬೇಕು, ಹಾಕಿದರೂ ಸಿಗುವ ಲಾಭ ಕಡಿಮೆಯಾಗಬೇಕು. ಮುಂದೆ ಹೇಳುವ ಎಲ್ಲ ಪ್ರಯೋಗಗಳ ಹಿಂದೆಯೂ ಇದೇ ಸರಳ ಸೂತ್ರವಿದೆ.

ಬೀಗ ಹಾಕದ ಬಾಗಿಲು: 2024ರ ಸ್ಪ್ಯಾಮ್ ದಾಳಿ

ಫೆಬ್ರವರಿ ದಾಳಿಯ ಮೂಲ ಜಪಾನಿನ ಹದಿಹರೆಯದವರ ಆನ್‌ಲೈನ್ ಜಗಳ ಎಂದು ಆಗ ವರದಿಯಾಗಿತ್ತು. ದಾಳಿಕೋರರು ದೊಡ್ಡ ಸರ್ವರ್‌ಗಳನ್ನು ಮಾತ್ರ ನೆಚ್ಚಿಕೊಳ್ಳಲಿಲ್ಲ. ಯಾರೋ ಉತ್ಸಾಹದಿಂದ ಆರಂಭಿಸಿ ಆಮೇಲೆ ತಿರುಗಿಯೂ ನೋಡದ ಚಿಕ್ಕ ಸರ್ವರ್‌ಗಳನ್ನು ಹುಡುಕಿದರು. ಅಲ್ಲಿ ಯಾರು ಬೇಕಾದರೂ ತಕ್ಷಣ ಖಾತೆ ತೆರೆಯಬಹುದಿತ್ತು. ಸ್ವಯಂಚಾಲಿತವಾಗಿ ಖಾತೆಗಳನ್ನು ಸೃಷ್ಟಿಸಿ, ಅಲ್ಲಿಂದ ಇಡೀ ಜಾಲಕ್ಕೆ ಸ್ಪ್ಯಾಮ್ ಕಳಿಸಿದರು.

ಮುಂಬೈ, ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಇರುವವರಿಗೆ ಈ ಸಮಸ್ಯೆ ಹೊಸದಲ್ಲ. ನಿಮ್ಮ ಗೇಟ್‌ನಲ್ಲಿ ವಾಚ್‌ಮನ್ ಎಷ್ಟೇ ಚುರುಕಾಗಿದ್ದರೂ, ಪಕ್ಕದ ಸೊಸೈಟಿಯ ಗೇಟ್ ಸದಾ ತೆರೆದಿದ್ದು ಎರಡರ ನಡುವೆ ಗೋಡೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ಒಂದು ಸರ್ವರ್‌ನ ನಿರ್ಲಕ್ಷ್ಯಕ್ಕೆ ಉಳಿದ ಸರ್ವರ್‌ಗಳ ಅಡ್ಮಿನ್‌ಗಳು ದಿನಗಟ್ಟಲೆ ನಿದ್ದೆಗೆಟ್ಟರು.

ಇದಾದ ಕೂಡಲೇ ಮಾಸ್ಟೊಡಾನ್ ತಂಡ ತಂತ್ರಾಂಶದಲ್ಲಿ ಎರಡು ಬದಲಾವಣೆ ತಂದಿತು. ಹೊಸದಾಗಿ ಆರಂಭವಾಗುವ ಸರ್ವರ್‌ನಲ್ಲಿ ನೋಂದಣಿ ಮೊದಲು ಮುಚ್ಚಿಯೇ ಇರುತ್ತದೆ, ಬೇಕೆಂದರೆ ಅಡ್ಮಿನ್ ತೆರೆಯಬೇಕು. ಎರಡನೆಯದು ಇನ್ನೂ ಮುಖ್ಯ. ನೋಂದಣಿ ತೆರೆದಿಟ್ಟ ಸರ್ವರ್‌ಗೆ ಒಂದು ವಾರ ಯಾವ ಮಾಡರೇಟರ್ ಕೂಡ ಬಾರದಿದ್ದರೆ, ಅದು ತಾನಾಗಿಯೇ 'ಅನುಮತಿ ಪಡೆದು ಸೇರುವ' ವ್ಯವಸ್ಥೆಗೆ ಬದಲಾಗುತ್ತದೆ. ಪೋಸ್ಟ್‌ಗಳಲ್ಲಿ ಏನಿದೆ ಎಂದು ಯಾರೂ ಪರೀಕ್ಷಿಸುವ ಅಗತ್ಯವೇ ಇಲ್ಲಿ ಬರಲಿಲ್ಲ, ಬದಲಾದದ್ದು ಆರಂಭಿಕ ಸೆಟ್ಟಿಂಗ್ ಮಾತ್ರ.

ಸೇರುವ ಮುನ್ನ ಎರಡು ಸಾಲು ಬರೆಯಿರಿ

ಅನೇಕ ಸರ್ವರ್‌ಗಳು ಸೇರಬಯಸುವವರಿಗೆ 'ನೀವು ಯಾಕೆ ಇಲ್ಲಿಗೆ ಬರುತ್ತಿದ್ದೀರಿ' ಎಂದು ಕೇಳುತ್ತವೆ. ಉತ್ತರ ಓದಿ ಒಬ್ಬ ಮನುಷ್ಯ ಅನುಮತಿ ಕೊಡುತ್ತಾನೆ. ನಿಜವಾದ ಬಳಕೆದಾರರಿಗೆ ಇದು ಎರಡು ನಿಮಿಷದ ಕೆಲಸ. ಸಾವಿರ ಖಾತೆ ತೆರೆಯಬೇಕಾದ ಸ್ಪ್ಯಾಮರ್‌ಗೆ ಇದೇ ದೊಡ್ಡ ತಲೆನೋವು. ರೆಡ್ಡಿಟ್ ಮಾದರಿಯ ವಿಕೇಂದ್ರೀಕೃತ ವೇದಿಕೆ 'ಲೆಮ್ಮಿ'ಯಲ್ಲಿರುವ 'ಬೀಹಾ' ಎಂಬ ಸರ್ವರ್ ಈ ಪದ್ಧತಿಗೆ ಹೆಸರಾಗಿದೆ. ಅಲ್ಲಿ ಡೌನ್‌ವೋಟ್ ಬಟನ್ ಕೂಡ ಇಲ್ಲ. ಇಷ್ಟವಾಗದಿದ್ದರೆ ಉತ್ತರ ಬರೆಯಬೇಕು ಇಲ್ಲವೇ ಮುಂದೆ ಹೋಗಬೇಕು.

ಎಐ ಬಂದ ಮೇಲೆ ಈ ಬೇಲಿ ಕೊಂಚ ಸಡಿಲವಾಗಿದೆ. ಎರಡು ಸಾಲಿನ ಅರ್ಜಿಯನ್ನು ಈಗ ಯಂತ್ರವೂ ಚೆನ್ನಾಗಿ ಬರೆಯುತ್ತದೆ. ಹೀಗಾಗಿ ಅರ್ಜಿಯ ಜೊತೆಗೆ ಪರಿಚಿತರ ಆಹ್ವಾನ, ಹೊಸ ಖಾತೆಗಳ ಮೇಲೆ ಕೆಲವು ದಿನ ನಿಗಾ ಮುಂತಾದವನ್ನೂ ಅಡ್ಮಿನ್‌ಗಳು ಬಳಸಬೇಕಾಗಿದೆ.

ಮಾತು ಬಿಡುವ ಅಸ್ತ್ರ ಮತ್ತು ಅದರ ಅಡ್ಡಪರಿಣಾಮ

ಇನ್ನೊಂದು ಸರ್ವರ್‌ನಿಂದ ನಿರಂತರವಾಗಿ ಕಸ ಬರುತ್ತಿದ್ದರೆ ಮಾಸ್ಟೊಡಾನ್ ಅಡ್ಮಿನ್ ಮುಂದೆ ಎರಡು ಆಯ್ಕೆಗಳಿವೆ. ಒಂದು, 'ಮಿತಿ' ಹೇರುವುದು. ಆಗ ಆ ಸರ್ವರ್‌ನ ಪೋಸ್ಟ್‌ಗಳು ಸಾರ್ವಜನಿಕ ಪಟ್ಟಿಯಲ್ಲಿ ಕಾಣುವುದಿಲ್ಲ, ಅಲ್ಲಿನವರನ್ನು ಈಗಾಗಲೇ ಫಾಲೋ ಮಾಡುತ್ತಿರುವವರಿಗೆ ಮಾತ್ರ ಸಿಗುತ್ತವೆ. ಎರಡು, ಪೂರ್ತಿ ಸಂಬಂಧ ಕಡಿದುಕೊಳ್ಳುವುದು.

2019ರ ಜುಲೈನಲ್ಲಿ ಅಮೆರಿಕದ ತೀವ್ರ ಬಲಪಂಥೀಯರ ತಾಣ 'ಗ್ಯಾಬ್' ಮಾಸ್ಟೊಡಾನ್ ತಂತ್ರಾಂಶಕ್ಕೆ ಬದಲಾಯಿತು. ಅದು ಮುಕ್ತ ತಂತ್ರಾಂಶವಾದ್ದರಿಂದ ಯಾರೂ ತಡೆಯುವಂತಿರಲಿಲ್ಲ. ಆದರೆ ಬಹಳಷ್ಟು ಸರ್ವರ್‌ಗಳು ಗ್ಯಾಬ್ ಜೊತೆ ಸಂಪರ್ಕ ಕಡಿದುಕೊಂಡವು. ಗ್ಯಾಬ್ ತನ್ನ ಪಾಡಿಗೆ ನಡೆಯಿತು, ಉಳಿದವರ ಅಂಗಳಕ್ಕೆ ಕಾಲಿಡಲು ಮಾತ್ರ ಆಗಲಿಲ್ಲ. ಯಾರ ಬಾಯಿಯನ್ನೂ ಮುಚ್ಚಿಸದೆ, ಕೇಳಲೇಬೇಕು ಎಂಬ ಒತ್ತಾಯವನ್ನೂ ಒಪ್ಪದೆ ಇರುವುದು ಹೇಗೆ ಎಂಬುದಕ್ಕೆ ಈ ಘಟನೆಯನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಆದರೆ ಈ ಅಸ್ತ್ರ ನಿರಪರಾಧಿಗಳಿಗೂ ತಾಗುತ್ತದೆ. 2023ರ ಜೂನ್‌ನಲ್ಲಿ ರೆಡ್ಡಿಟ್‌ನಿಂದ ಲೆಮ್ಮಿಗೆ ದೊಡ್ಡ ವಲಸೆ ನಡೆಯಿತು. ಆಗ ಬೀಹಾ ಸರ್ವರ್, ಯಾರು ಬೇಕಾದರೂ ಸೇರಬಹುದಾಗಿದ್ದ ಎರಡು ದೊಡ್ಡ ಸರ್ವರ್‌ಗಳೊಂದಿಗೆ ಸಂಪರ್ಕ ಕಡಿದುಕೊಂಡಿತು. ಅವುಗಳಲ್ಲಿ ಒಂದು 'ಲೆಮ್ಮಿ ವರ್ಲ್ಡ್'. ಅಲ್ಲಿಂದ ಬರುವ ಪೋಸ್ಟ್‌ಗಳ ಪ್ರಮಾಣವನ್ನು ತಮ್ಮ ಬೆರಳೆಣಿಕೆಯ ಮಾಡರೇಟರ್‌ಗಳು ನಿಭಾಯಿಸಲಾರರು ಎಂಬುದು ಬೀಹಾ ಕೊಟ್ಟ ಕಾರಣ. ತಪ್ಪು ಮಾಡಿದವರು ಕೆಲವರೇ ಇದ್ದರೂ ಆ ಸರ್ವರ್‌ಗಳಲ್ಲಿದ್ದ ಸಾವಿರಾರು ಜನರ ಸಂಪರ್ಕ ರಾತ್ರೋರಾತ್ರಿ ತಪ್ಪಿತು.

ಮಾಸ್ಟೊಡಾನ್‌ನಲ್ಲಂತೂ ಬಹುಕಾಲ, ಹೀಗೆ ಕಡಿದುಹೋದ ಸಂಪರ್ಕಗಳ ಬಗ್ಗೆ ಬಳಕೆದಾರರಿಗೆ ಸೂಚನೆಯೂ ಬರುತ್ತಿರಲಿಲ್ಲ. 2024ರ 4.3 ಆವೃತ್ತಿಯಲ್ಲಿ ಆ ಸೂಚನೆ ಸೇರಿತು.

ಲೈಕ್ ಎಣಿಕೆಯ ಹಸಿವು ತಗ್ಗಿಸಿದರೆ?

ಕಳಪೆ ಪೋಸ್ಟ್ ಯಾಕೆ ಹುಟ್ಟುತ್ತದೆ? ಅದಕ್ಕೆ ಪ್ರತಿಫಲ ಸಿಗುವುದರಿಂದ. ಜಗಳ ಹಚ್ಚುವ ಪೋಸ್ಟ್‌ಗೆ ಕಾಮೆಂಟ್ ಹೆಚ್ಚು, ಕಾಮೆಂಟ್ ಹೆಚ್ಚಾದರೆ ಅಲ್ಗಾರಿದಂ ಅದನ್ನು ಇನ್ನಷ್ಟು ಜನರಿಗೆ ತೋರಿಸುತ್ತದೆ, ತೋರಿಸಿದಷ್ಟೂ ಜಾಹೀರಾತು ಹಣ. ಮಾಸ್ಟೊಡಾನ್ ಈ ಸರಪಳಿಯನ್ನೇ ಕತ್ತರಿಸಲು ನೋಡಿತು. ಹೋಮ್ ಫೀಡ್‌ನಲ್ಲಿ ನೀವು ಫಾಲೋ ಮಾಡಿದವರ ಪೋಸ್ಟ್‌ಗಳು ಸಮಯಾನುಕ್ರಮದಲ್ಲಿ ಬರುತ್ತವೆ. ಎಷ್ಟೇ ಲೈಕ್ ಬಿದ್ದರೂ ಪೋಸ್ಟ್ ಅಲ್ಲಿ ಮೇಲೇರುವುದಿಲ್ಲ. ಯಾರಾದರೂ 'ಬೂಸ್ಟ್' ಮಾಡಿದರಷ್ಟೇ ಅವರ ಫಾಲೋವರ್‌ಗಳಿಗೆ ತಲುಪುತ್ತದೆ. ಅಂದರೆ ಪ್ರತಿ ಹೆಜ್ಜೆಗೂ ಒಬ್ಬ ಮನುಷ್ಯ ತನ್ನ ಹೆಸರು ಹಾಕಿ ಮುಂದೆ ದಾಟಿಸಬೇಕು.

ಇನ್ನೊಂದು ಉದಾಹರಣೆ ಕೋಟ್ ಪೋಸ್ಟ್. ಬೇರೆಯವರ ಮಾತನ್ನು ಎತ್ತಿ ತೋರಿಸಿ ಹೀಯಾಳಿಸಲು ಟ್ವಿಟರ್‌ನಲ್ಲಿ ಈ ಸೌಲಭ್ಯ ಬಳಕೆಯಾಗುತ್ತಿತ್ತು. ಅದೇ ಕಾರಣಕ್ಕೆ ಮಾಸ್ಟೊಡಾನ್ ವರ್ಷಗಟ್ಟಲೆ ಇದನ್ನು ಕೊಡಲಿಲ್ಲ. ಬಳಕೆದಾರರ ಒತ್ತಾಯದ ಬಳಿಕ 2025ರಲ್ಲಿ ಕೊಟ್ಟಾಗಲೂ, ತನ್ನ ಪೋಸ್ಟನ್ನು ಯಾರು ಕೋಟ್ ಮಾಡಬಹುದು ಎಂಬ ತೀರ್ಮಾನವನ್ನು ಬರೆದವರ ಕೈಗೇ ಬಿಟ್ಟಿತು. ಬ್ಲೂಸ್ಕೈ 2024ರಲ್ಲಿ ಇಂಥದ್ದೇ ಸೌಲಭ್ಯ ತಂದಿತು. ನಿಮ್ಮ ಪೋಸ್ಟನ್ನು ಕೋಟ್ ಮಾಡಿ ಯಾರಾದರೂ ಗುಂಪು ಕಟ್ಟಿ ಬಂದರೆ, ಆ ಕೋಟ್‌ನಿಂದ ನಿಮ್ಮ ಪೋಸ್ಟನ್ನು ಬಿಡಿಸಿಕೊಳ್ಳಬಹುದು.

ಇದಕ್ಕೂ ಒಂದು ಬೆಲೆ ಇದೆ. ಅಲ್ಗಾರಿದಂ ಇಲ್ಲದ ಕಡೆ ಹೊಸಬರಿಗೆ ಓದುಗರು ಸಿಗುವುದು ನಿಧಾನ. ಚೆನ್ನಾಗಿ ಬರೆಯುವ ಅಪರಿಚಿತರೂ, ಕಸ ಹಾಕುವ ಅಪರಿಚಿತರೂ ಒಂದೇ ರೀತಿ ಮೂಲೆಯಲ್ಲಿ ಉಳಿಯುತ್ತಾರೆ.

ಪೋಸ್ಟ್‌ಗೆ ದುಡ್ಡು ಕೊಟ್ಟಾಗ ಆದದ್ದೇನು?

ಇದಕ್ಕೆ ತದ್ವಿರುದ್ಧ ಪ್ರಯೋಗವೂ ನಡೆದಿದೆ. 2016ರಲ್ಲಿ ಆರಂಭವಾದ 'ಸ್ಟೀಮಿಟ್' ಬ್ಲಾಕ್‌ಚೈನ್ ಆಧಾರಿತ ತಾಣ. ಒಳ್ಳೆಯ ಪೋಸ್ಟ್‌ಗೆ ಓದುಗರು ಮತ ಹಾಕುತ್ತಾರೆ, ಮತಕ್ಕೆ ತಕ್ಕಂತೆ ಬರೆದವರಿಗೆ ಕ್ರಿಪ್ಟೊ ಟೋಕನ್ ಸಿಗುತ್ತದೆ, ಮತ ಹಾಕಿದವರಿಗೂ ಪಾಲು ಇದೆ. ಗುಣಮಟ್ಟಕ್ಕೆ ಹಣ ಕೊಟ್ಟರೆ ಗುಣಮಟ್ಟ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಆದರೆ ಮತದ ತೂಕ ನಿರ್ಧಾರವಾಗುತ್ತಿದ್ದುದು ಕೂಡಿಟ್ಟ ಟೋಕನ್ ಮೇಲೆ. ಹೆಚ್ಚು ಟೋಕನ್ ಇದ್ದವರು ತಮ್ಮ ಪೋಸ್ಟ್‌ಗೆ ತಾವೇ ಮತ ಹಾಕಿಕೊಂಡರು. ಹಣ ಕೊಟ್ಟರೆ ಮತ ಹಾಕುವ ಬಾಟ್‌ಗಳು ಹುಟ್ಟಿಕೊಂಡವು. ಎರಡು ಸಾಲಿನ ಪೋಸ್ಟ್ ಬರೆದು ಮತ ಖರೀದಿಸುವುದು, ದಿನವಿಡೀ ಕೂತು ಒಳ್ಳೆಯ ಲೇಖನ ಬರೆಯುವುದಕ್ಕಿಂತ ಲಾಭದಾಯಕವಾಯಿತು.

ಕಳಪೆ ಪೋಸ್ಟ್‌ನ ಗಳಿಕೆ ಇಳಿಸಲು ಡೌನ್‌ವೋಟ್ ಇತ್ತು. ಆದರೆ ಡೌನ್‌ವೋಟ್ ಹಾಕಿದರೆ ನಿಮ್ಮದೇ ಮತಶಕ್ತಿ ಖರ್ಚಾಗುತ್ತಿತ್ತು, ಅಂದರೆ ನಿಮ್ಮದೇ ಗಳಿಕೆಗೆ ಕತ್ತರಿ. ಜೊತೆಗೆ ಎದುರಿನವರು ದ್ವೇಷ ಸಾಧಿಸುವ ಭಯ. ಊರಿನ ಚರಂಡಿ ಸ್ವಚ್ಛಗೊಳಿಸಲು ಬಂದವರಿಂದಲೇ ದಂಡ ವಸೂಲು ಮಾಡಿದಂತೆ. ಹೀಗಾಗಿ 2019ರ ಆಗಸ್ಟ್‌ನಲ್ಲಿ ನಿಯಮ ಬದಲಿಸಿ, ಡೌನ್‌ವೋಟ್‌ಗೆಂದೇ ಪ್ರತ್ಯೇಕ ಮತಗಳನ್ನು ಉಚಿತವಾಗಿ ಕೊಡಲಾಯಿತು. ಅಷ್ಟರಲ್ಲಿ ಬಹಳಷ್ಟು ಒಳ್ಳೆಯ ಬರಹಗಾರರು ಹೊರನಡೆದಿದ್ದರು. 2020ರ ಫೆಬ್ರವರಿಯಲ್ಲಿ ಉದ್ಯಮಿ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಖರೀದಿಸಿದಾಗ ಹಿಡಿತಕ್ಕಾಗಿ ಜಗಳ ಶುರುವಾಗಿ, ಮಾರ್ಚ್‌ನಲ್ಲಿ ಸಮುದಾಯದ ದೊಡ್ಡ ಭಾಗ ಸಿಡಿದು 'ಹೈವ್' ಎಂಬ ಪ್ರತ್ಯೇಕ ಜಾಲ ಕಟ್ಟಿಕೊಂಡಿತು.

ಹಣ ಬಂದ ಕೂಡಲೇ ಜನ ಬರೆಯುವುದು ಓದುಗರಿಗಾಗಿ ಅಲ್ಲ, ಲೆಕ್ಕದ ಯಂತ್ರಕ್ಕಾಗಿ. ವ್ಯೂಸ್ ಲೆಕ್ಕದಲ್ಲಿ ಹಣ ಹಂಚುವ ಇಂದಿನ ದೊಡ್ಡ ಕಂಪನಿಗಳಿಗೂ ಸ್ಟೀಮಿಟ್‌ನ ಈ ಪಾಠ ಅನ್ವಯಿಸುತ್ತದೆ.

ಪ್ರತಿ ಪೋಸ್ಟ್‌ಗೂ 'ಸುಂಕ'

ನಾಸ್ಟರ್ ಇನ್ನೂ ಮುಕ್ತವಾದ ಜಾಲ. 'ಫಿಯಟ್‌ಜಾಫ್' ಎಂಬ ಅನಾಮಧೇಯ ಪ್ರೋಗ್ರಾಮರ್ 2020ರಲ್ಲಿ ರೂಪಿಸಿದ ಇದಕ್ಕೆ ಟ್ವಿಟರ್ ಸಹಸಂಸ್ಥಾಪಕ ಜ್ಯಾಕ್ ಡಾರ್ಸಿ ಬಿಟ್‌ಕಾಯಿನ್ ದೇಣಿಗೆ ಕೊಟ್ಟಿದ್ದರು. ಇಲ್ಲಿ ಖಾತೆ ತೆರೆಯಲು ಇ-ಮೇಲ್, ಫೋನ್ ನಂಬರ್ ಯಾವುದೂ ಬೇಡ. ಒಂದು ಡಿಜಿಟಲ್ ಕೀಲಿ ಸೃಷ್ಟಿಸಿದರೆ ಮುಗಿಯಿತು. ನಿಮಿಷಕ್ಕೆ ಸಾವಿರ ಕೀಲಿ ಬೇಕಾದರೂ ಸೃಷ್ಟಿಸಬಹುದು. ಹಾಗಾಗಿ ಖಾತೆ ಬ್ಲಾಕ್ ಮಾಡುವುದರಿಂದ ಸ್ಪ್ಯಾಮ್ ನಿಲ್ಲುವುದಿಲ್ಲ.

ಇಲ್ಲಿ ಎರಡು ಉಪಾಯಗಳಿವೆ. ಒಂದು, ಪೋಸ್ಟ್‌ಗಳನ್ನು ಹೊತ್ತು ತಲುಪಿಸುವ 'ರಿಲೇ' ಸರ್ವರ್‌ಗಳು ಶುಲ್ಕ ವಿಧಿಸುವುದು. ಇನ್ನೊಂದು, ಪೋಸ್ಟ್ ಕಳಿಸುವ ಮುನ್ನ ಕಂಪ್ಯೂಟರ್ ಒಂದು ಲೆಕ್ಕ ಬಿಡಿಸಿ ತೋರಿಸಬೇಕು ಎಂಬ ನಿಯಮ. ಉದಾಹರಣೆಗೆ 20 ಬಿಟ್‌ನ ಲೆಕ್ಕವಾದರೆ ಉತ್ತರ ಸಿಗಲು ಸರಾಸರಿ 10 ಲಕ್ಷಕ್ಕೂ ಹೆಚ್ಚು ಸಲ ಪ್ರಯತ್ನಿಸಬೇಕು. ಒಂದು ಪೋಸ್ಟ್‌ಗೆ ಇದು ಗೊತ್ತೇ ಆಗದಷ್ಟು ಸಣ್ಣ ಕೆಲಸ. ಲಕ್ಷ ಪೋಸ್ಟ್ ಸುರಿಯುವವರಿಗೆ ಕರೆಂಟ್ ಬಿಲ್ ಏರುತ್ತದೆ.

ಈ ಯೋಚನೆ ಹೊಸದಲ್ಲ. ಇ-ಮೇಲ್ ಸ್ಪ್ಯಾಮ್ ತಡೆಯಲು ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೊರ್ 1992ರಲ್ಲೇ ಇದನ್ನು ಸೂಚಿಸಿದ್ದರು. 1997ರಲ್ಲಿ ಆಡಂ ಬ್ಯಾಕ್ 'ಹ್ಯಾಶ್‌ಕ್ಯಾಶ್' ಹೆಸರಲ್ಲಿ ಜಾರಿಗೆ ತಂದರು, ಮುಂದೆ ಬಿಟ್‌ಕಾಯಿನ್‌ಗೂ ಇದೇ ತಂತ್ರ ಆಧಾರವಾಯಿತು. ಆದರೆ ಇ-ಮೇಲ್‌ನಲ್ಲಿ ಇದು ಫಲಿಸದು ಎಂದು ಬೆನ್ ಲಾರಿ, ರಿಚರ್ಡ್ ಕ್ಲೇಟನ್ 2004ರಲ್ಲಿ ವಾದಿಸಿದರು. ಸ್ಪ್ಯಾಮರ್‌ಗಳು ಬೇರೆಯವರ ಕಂಪ್ಯೂಟರ್‌ಗಳನ್ನು ಹ್ಯಾಕ್ ಮಾಡಿ ಲೆಕ್ಕ ಬಿಡಿಸಿಕೊಳ್ಳುತ್ತಾರೆ, ಅವರನ್ನು ತಡೆಯುವಷ್ಟು ಕಠಿಣ ಲೆಕ್ಕ ಇಟ್ಟರೆ ಪ್ರಾಮಾಣಿಕರಿಗೇ ಪೆಟ್ಟು ಬೀಳುತ್ತದೆ ಎಂಬುದು ಅವರ ತರ್ಕ. ಇಂದಿಗೂ ಅದು ಸುಳ್ಳಲ್ಲ. ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಕ್ಷಣದಲ್ಲಿ ಆಗುವ ಲೆಕ್ಕ ಕಡಿಮೆ ಬೆಲೆಯ ಫೋನ್‌ನ ಬ್ಯಾಟರಿಯನ್ನು ತಿನ್ನುತ್ತದೆ. ಸುಂಕ ಎಲ್ಲರಿಗೂ ಒಂದೇ ಆದರೂ ಅದರ ಭಾರ ಒಂದೇ ಅಲ್ಲ.

ಕನ್ನಡಕ ನಿಮ್ಮದೇ ಆಯ್ಕೆ: ಬ್ಲೂಸ್ಕೈ ಮಾದರಿ

ಟ್ವಿಟರ್‌ನ ಒಳಗೇ 2019ರಲ್ಲಿ ಯೋಜನೆಯಾಗಿ ಹುಟ್ಟಿದ ಬ್ಲೂಸ್ಕೈ, 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆಯಿತು. ಅದಕ್ಕೂ ಮುನ್ನ ಆಹ್ವಾನ ಇದ್ದವರಿಗಷ್ಟೇ ಪ್ರವೇಶವಿತ್ತು. ಇಲ್ಲಿ 'ಲೇಬಲರ್' ಎಂಬ ವ್ಯವಸ್ಥೆಯಿದೆ. ಯಾವುದೇ ವ್ಯಕ್ತಿ ಅಥವಾ ಗುಂಪು ಪೋಸ್ಟ್‌ಗಳಿಗೆ, ಖಾತೆಗಳಿಗೆ 'ಸ್ಪ್ಯಾಮ್', 'ಎಐ ಚಿತ್ರ', 'ಬೇಕೆಂದೇ ಕೆಣಕುವುದು' ಎಂಬಂಥ ಚೀಟಿ ಅಂಟಿಸಬಹುದು. ಯಾರ ಚೀಟಿಯನ್ನು ನಂಬಬೇಕು, ಚೀಟಿ ಇರುವ ಪೋಸ್ಟನ್ನು ಪೂರ್ತಿ ಮರೆಮಾಡಬೇಕೋ ಎಚ್ಚರಿಕೆಯೊಂದಿಗೆ ತೋರಿಸಬೇಕೋ ಎಂಬುದನ್ನು ನೀವೇ ಆರಿಸುತ್ತೀರಿ. ಕಂಪನಿಯ ಮೂಲ ಮಾಡರೇಷನ್ ಮಾತ್ರ ಅದರ ಆ್ಯಪ್‌ನಲ್ಲಿ ಎಲ್ಲರಿಗೂ ಕಡ್ಡಾಯ.

ಒಬ್ಬರ ಅಭಿರುಚಿಯನ್ನು ಎಲ್ಲರ ಮೇಲೆ ಹೇರುವುದು ಇದರಿಂದ ತಪ್ಪುತ್ತದೆ. ಆದರೆ ತಪ್ಪು ಚೀಟಿ ಅಂಟಿಸಿಕೊಂಡವರು ಅದನ್ನು ತೆಗೆಸಲು ಮತ್ತೆ ಅದೇ ಲೇಬಲರ್‌ನ ಮುಂದೆ ನಿಲ್ಲಬೇಕು. ಜೊತೆಗೆ, ತಾಂತ್ರಿಕವಾಗಿ ವಿಕೇಂದ್ರೀಕೃತವಾದರೂ ಬ್ಲೂಸ್ಕೈ ಬಳಕೆದಾರರಲ್ಲಿ ಬಹುತೇಕರ ಖಾತೆಗಳು ಇರುವುದು ಅದೇ ಕಂಪನಿಯ ಸರ್ವರ್‌ಗಳಲ್ಲಿ ಎಂಬುದನ್ನೂ ಮರೆಯುವಂತಿಲ್ಲ.

ಕನ್ನಡಿಗರಿಗೆ ಇದರಿಂದ ಏನು?

ಒಂದೇ ಕಂಪನಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ 'ಕೂ' ಉದಾಹರಣೆ. 2020ರಲ್ಲಿ ಬಂದ ಈ ಆ್ಯಪ್ ಕನ್ನಡ ಸೇರಿ ಭಾರತೀಯ ಭಾಷೆಗಳನ್ನೇ ಮುಂದಿಟ್ಟಿತ್ತು. 2024ರ ಜುಲೈನಲ್ಲಿ ಸಂಸ್ಥಾಪಕರು ಅದನ್ನು ಮುಚ್ಚುವುದಾಗಿ ಘೋಷಿಸಿದಾಗ, ಅಲ್ಲಿ ಕಟ್ಟಿಕೊಂಡಿದ್ದ ಓದುಗ ಬಳಗವನ್ನು ಹೊತ್ತು ಬೇರೆಡೆ ಹೋಗಲು ದಾರಿ ಇರಲಿಲ್ಲ. ಮಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಬೇಡವೆಂದರೆ ಫಾಲೋವರ್‌ಗಳನ್ನು ಇನ್ನೊಂದಕ್ಕೆ ಸಾಗಿಸಬಹುದು. ಹಳೆಯ ಪೋಸ್ಟ್‌ಗಳು ಮಾತ್ರ ಜೊತೆಗೆ ಬರುವುದಿಲ್ಲ.

ಆದರೆ ಕಸ ತಡೆಯುವ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ತೊಡಕುಗಳಿವೆ. ಮೊದಲನೆಯದು ಪದಗಳ ಫಿಲ್ಟರ್. ಇಂಗ್ಲಿಷ್‌ನಲ್ಲಿ 'ಎಲೆಕ್ಷನ್' ಎಂದು ಹಾಕಿದರೆ ಬಹುತೇಕ ಪೋಸ್ಟ್ ಸಿಕ್ಕಿಬೀಳುತ್ತವೆ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಳ್ಳುತ್ತದೆ. 'ಚುನಾವಣೆ' ಎಂದು ಪೂರ್ಣ ಪದವಾಗಿ ಕೊಟ್ಟರೆ 'ಚುನಾವಣೆಯಲ್ಲಿ', 'ಚುನಾವಣಾ' ತಪ್ಪಿಸಿಕೊಳ್ಳುತ್ತವೆ. ಇದಕ್ಕೆ ಪರಿಹಾರ ಸರಳ: ಫಿಲ್ಟರ್‌ನಲ್ಲಿ 'ಪೂರ್ಣ ಪದ ಮಾತ್ರ' ಎಂಬ ಆಯ್ಕೆ ತೆಗೆದು 'ಚುನಾವಣ' ಎಂಬ ಮೊದಲ ಭಾಗವನ್ನಷ್ಟೇ ಕೊಡುವುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕನ್ನಡಕ್ಕಂತೂ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ಅವನ್ನು ಪ್ರತ್ಯೇಕವಾಗಿ ಸೇರಿಸಬೇಕು.

ಎರಡನೆಯದು ಮಾಡರೇಟರ್ ಕೊರತೆ. ಯುರೋಪಿನ ಒಂದು ಸರ್ವರ್‌ನಲ್ಲಿ ಕನ್ನಡದ ಬೈಗುಳವನ್ನು ರಿಪೋರ್ಟ್ ಮಾಡಿದರೆ, ಅದನ್ನು ಓದುವ ಮಾಡರೇಟರ್‌ಗೆ ಅದು ಬೈಗುಳವೋ ಗಾದೆಯೋ ತಿಳಿಯದು. ಅನುವಾದ ತಂತ್ರಾಂಶಕ್ಕೆ ವ್ಯಂಗ್ಯ ಅರ್ಥವಾಗುವುದಿಲ್ಲ. ಇದರಿಂದ ಎರಡು ಬಗೆಯ ತಪ್ಪು ಆಗಬಹುದು. ನಿಜವಾದ ನಿಂದನೆ ಉಳಿದುಕೊಳ್ಳಬಹುದು, ಇಲ್ಲವೇ ಅರ್ಥವಾಗದ ಲಿಪಿಯ ಪೋಸ್ಟ್‌ಗಳ ರಾಶಿ ಕಂಡು ಸ್ಪ್ಯಾಮ್ ಎಂದು ಇಡೀ ಖಾತೆಯನ್ನೇ ತಡೆಯಬಹುದು. ದೆಹಲಿ, ಚೆನ್ನೈ, ಹೈದರಾಬಾದ್‌ನಲ್ಲಿ ಕೂತು ಕನ್ನಡದಲ್ಲಿ ಬರೆಯುವ ಚಿಕ್ಕ ಗುಂಪಿಗೆ ಒಂದು ಸರ್ವರ್‌ನ ಬಾಗಿಲು ಮುಚ್ಚಿದರೂ ಅರ್ಧ ಓದುಗರು ಕೈತಪ್ಪಿದಂತೆ.

ಕನ್ನಡ ಬಲ್ಲ ಮಾಡರೇಟರ್ ಇರುವ ಸರ್ವರ್ ಬೇಕು ಎಂಬ ಮಾತು ಇಲ್ಲಿ ಬರುತ್ತದೆ. ಆದರೆ ಭಾರತದಲ್ಲಿ ಸರ್ವರ್ ನಡೆಸುವವರು ಕಾನೂನಿನ ಪ್ರಕಾರ 'ಮಧ್ಯವರ್ತಿ'ಗಳಾಗುತ್ತಾರೆ. 2021ರ ಐಟಿ ನಿಯಮಗಳ ಹೆಚ್ಚಿನ ಹೊಣೆಗಳು ದೇಶದಲ್ಲಿ 50 ಲಕ್ಷ ನೋಂದಾಯಿತ ಬಳಕೆದಾರರನ್ನು ದಾಟಿದ ತಾಣಗಳಿಗೆ ಅನ್ವಯಿಸುತ್ತವೆ. ಆದರೂ ದೂರು ಸ್ವೀಕರಿಸುವ ಅಧಿಕಾರಿಯನ್ನು ಹೆಸರಿಸುವಂತಹ ಮೂಲ ಕರ್ತವ್ಯಗಳು ಚಿಕ್ಕವರಿಗೂ ತಪ್ಪಿದ್ದಲ್ಲ. ಹವ್ಯಾಸಕ್ಕೆ ಸರ್ವರ್ ಆರಂಭಿಸುವವರು ಇದನ್ನು ತಿಳಿದಿರಬೇಕು.

ಕಸ ಗುಡಿಸುವವರ ಕೂಲಿ ಯಾರು ಕೊಡುತ್ತಾರೆ?

ಎಲ್ಲ ಪ್ರಯೋಗಗಳೂ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ. ಅರ್ಜಿ ಓದುವುದು, ರಿಪೋರ್ಟ್ ನೋಡುವುದು, ಕೆಟ್ಟ ಸರ್ವರ್ ಪಟ್ಟಿ ಪರಿಷ್ಕರಿಸುವುದು, ಎಲ್ಲಕ್ಕೂ ಮನುಷ್ಯರು ಬೇಕು. ಬಹುತೇಕ ಕಡೆ ಅವರು ಸಂಬಳವಿಲ್ಲದ ಸ್ವಯಂಸೇವಕರು. ಅವರಿಗೆ ತರಬೇತಿ, ಸಾಧನ ಒದಗಿಸಲು ಹುಟ್ಟಿದ 'ಇಫ್ತಾಸ್' ಎಂಬ ಲಾಭರಹಿತ ಸಂಸ್ಥೆ ಹಣದ ಕೊರತೆಯಿಂದ 2025ರಲ್ಲಿ ತನ್ನ ಹಲವು ಸೇವೆಗಳನ್ನು ನಿಲ್ಲಿಸಬೇಕಾಯಿತು. ಮೊಜಿಲ್ಲಾದಂತಹ ಹೆಸರಾಂತ ಸಂಸ್ಥೆ ಕೂಡ ತನ್ನ ಮಾಸ್ಟೊಡಾನ್ ಸರ್ವರನ್ನು 2024ರ ಡಿಸೆಂಬರ್‌ನಲ್ಲಿ ಮುಚ್ಚಿತು.

ಸರ್ವರ್ ಆರಿಸುವಾಗ ನೋಡಬೇಕಾದದ್ದು ಇದನ್ನೇ. ಮಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿ ಸೇರುವ ಸರ್ವರ್‌ಗಳು ಒಂದು ಒಡಂಬಡಿಕೆ ಒಪ್ಪಬೇಕು: ಜನಾಂಗ ದ್ವೇಷ, ಲಿಂಗ ತಾರತಮ್ಯದ ವಿರುದ್ಧ ಸಕ್ರಿಯ ಮಾಡರೇಷನ್, ದಿನವೂ ಬ್ಯಾಕಪ್, ತುರ್ತು ಸಂದರ್ಭಕ್ಕೆ ಇನ್ನೊಬ್ಬರ ಕೈಯಲ್ಲೂ ಕೀಲಿ, ಮುಚ್ಚುವುದಾದರೆ ಕನಿಷ್ಠ 3 ತಿಂಗಳ ಮುನ್ಸೂಚನೆ.

ಬಳಕೆದಾರರಾಗಿ ನೀವು ಏನು ಮಾಡಬಹುದು?

* ಸೇರುವ ಮುನ್ನ ಸರ್ವರ್‌ನ ನಿಯಮಗಳ ಪುಟ ಓದಿ. ಮಾಡರೇಟರ್ ಯಾರು, ಯಾವ ಭಾಷೆ ಬಲ್ಲರು ನೋಡಿ.
* ಮಾಸ್ಟೊಡಾನ್‌ನ ನೋಟಿಫಿಕೇಷನ್ ಸೆಟ್ಟಿಂಗ್‌ನಲ್ಲಿ, 30 ದಿನದೊಳಗೆ ತೆರೆದ ಹೊಸ ಖಾತೆಗಳಿಂದ ಬರುವ ಸೂಚನೆಗಳನ್ನು ಬೇರೆಯಾಗಿಡುವ ಆಯ್ಕೆ ಇದೆ. ಸ್ಪ್ಯಾಮ್ ದಾಳಿಯ ವೇಳೆ ಇದು ಬಹಳ ಉಪಯುಕ್ತ.
* ಪೋಸ್ಟ್ ಬರೆಯುವಾಗ ಭಾಷೆ 'ಕನ್ನಡ' ಎಂದು ಆರಿಸಿ. ಭಾಷೆಯ ಮೇಲೆ ಪೋಸ್ಟ್ ಸೋಸುವವರಿಗೆ ನಿಮ್ಮ ಬರಹ ತಪ್ಪದೆ ಸಿಗುತ್ತದೆ.
* ಕೆಣಕುವ ಪೋಸ್ಟ್‌ಗೆ ಸಿಟ್ಟಿನಿಂದ ಉತ್ತರ ಕೊಡುವುದೂ ಅದಕ್ಕೆ ಪ್ರಚಾರವೇ. ಮ್ಯೂಟ್ ಮಾಡಿ, ನಿಯಮ ಮುರಿದಿದ್ದರೆ ರಿಪೋರ್ಟ್ ಮಾಡಿ. ರಿಪೋರ್ಟ್ ಜೊತೆ ಎರಡು ಸಾಲು ವಿವರಣೆ ಇಂಗ್ಲಿಷ್‌ನಲ್ಲಿದ್ದರೆ ಕನ್ನಡ ಬಾರದ ಮಾಡರೇಟರ್‌ಗೆ ಸಹಾಯವಾಗುತ್ತದೆ.
* ಚೆನ್ನಾಗಿ ಬರೆಯುವ ಹೊಸಬರು ಕಂಡರೆ ಬೂಸ್ಟ್ ಮಾಡಿ. ಅಲ್ಗಾರಿದಂ ಇಲ್ಲದ ಕಡೆ ಆ ಕೆಲಸ ಓದುಗರೇ ಮಾಡಬೇಕು.
* ಸಾಧ್ಯವಾದರೆ ನಿಮ್ಮ ಸರ್ವರ್‌ನ ಖರ್ಚಿಗೆ ಸಣ್ಣ ದೇಣಿಗೆ ಕೊಡಿ, ಇಲ್ಲವೇ ವಾರಕ್ಕೆ ಒಂದೆರಡು ತಾಸು ಮಾಡರೇಷನ್‌ಗೆ ಕೈಜೋಡಿಸಿ. ಕನ್ನಡ ಬಲ್ಲ ಒಬ್ಬ ಮಾಡರೇಟರ್ ಸೇರಿದರೂ ಆ ಸರ್ವರ್‌ನ ಕನ್ನಡಿಗರಿಗೆಲ್ಲ ಅನುಕೂಲ.

ದೊಡ್ಡ ಕಂಪನಿಗಳ ತಾಣದಲ್ಲಿ ಕಸದ ಹೊಣೆ ಕಂಪನಿಯದು, ಬೈಯಲು ನಮಗೊಂದು ವಿಳಾಸವಾದರೂ ಇರುತ್ತದೆ. ವಿಕೇಂದ್ರೀಕೃತ ಜಾಲದಲ್ಲಿ ಆ ಅಧಿಕಾರ ಬಳಕೆದಾರರ ಕೈಗೆ ಬಂದಿದೆ, ಅದರ ಜೊತೆಗೆ ಪೊರಕೆಯೂ ಬಂದಿದೆ.